ಐಸ್ ಹಾಕಿ ಪ್ಲೇಆಫ್ ಊಹೆ ಪಂದ್ಯ: ಪಕ್ ಬೀಳೋಕಿಂತ ಮೊದಲ ನಿಯಮ ಗಟ್ಟಿ ಮಾಡೋಣ ಬರ್ರಿ

ಬಿಸಿಲ್ ಮಾಸ್ತರ (ಕಲಬುರಗಿ):

ಎಲ್ಲರಿಗೂ ಶರಣ್ರಿ.

ಎನ್‌ಎಚ್‌ಎಲ್ (ಅಮೆರಿಕಾ-ಕೆನಡಾದ ಐಸ್ ಹಾಕಿ ಲೀಗ್) ಪ್ಲೇಆಫ್, ಅಂದ್ರ ಲೀಗ್ ಮುಗದ ಮ್ಯಾಲಿನ ನಾಕೌಟ್, ಬಾಗಿಲಿಗೆ ಬಂದದ. ಹೋದ ಸಲ ವಾಟ್ಸಾಪ್ ಗ್ರೂಪಿನಾಗ ಊಹೆ ಪಂದ್ಯ ಆಡಿದಾಗ ಮಜಾನೂ ಬಂತು, ಜಗಳನೂ ಬಂತು. ಜಗಳ ಆಗಿದ್ದು ಯಾವ ತಂಡ ದೊಡ್ಡದು ಅಂತಲ್ಲ. ಪಾಯಿಂಟ್ ಹೆಂಗ ಎಣಿಸೋದು, ಊಹೆ ಕೊಡ್ಲಿಕ್ಕ ಕಡೀ ಟೈಮ್ ಯಾವುದು, ಎರಡನೇ ವಾರಕ್ಕ ಅರ್ಧ ಮಂದಿ ಯಾಕ ಸುಮ್ಮನಾದ್ರು, ಇದರ ಮ್ಯಾಲ. ಅದಕ್ಕ ಈ ಸಲ ಎಲ್ಲರ ಮುಂದ ಮಾತಾಡಿ, ನಿಯಮ ಬರೆದಿಟ್ಟು, ಆಮ್ಯಾಲ ಶುರು ಮಾಡೋಣ. ನಡುವ ಬದಲಿ ಮಾಡೋದು ಬಿಲ್ಕುಲ್ ಇಲ್ಲ.

ಹೊಸಬರಿಗೆ ಎರಡು ಮಾತು. ಪಕ್ ಅಂದ್ರ ಬರ್ಫಿನ ಮ್ಯಾಲ ಚೆಂಡಿನ ಬದಲಿ ಆಡೋ ರಬ್ಬರಿನ ಬಿಲ್ಲಿ. 32 ತಂಡದಾಗ 16 ಪ್ಲೇಆಫಿಗೆ ಬರ್ತಾವ, ಪೂರ್ವದಿಂದ 8, ಪಶ್ಚಿಮದಿಂದ 8. ಎರಡು ತಂಡದ ನಡುವ ಒಂದ ಮ್ಯಾಚ್ ಅಲ್ಲ, ಏಳು ಮ್ಯಾಚಿನ ಸೀರೀಸ್. ಯಾರು ಮೊದಲ 4 ಗೆಲ್ತಾರೋ ಅವರು ಮುಂದ, ಉಳಿದ ಮ್ಯಾಚ್ ಆಡೋದಿಲ್ಲ. ಮೊದಲ ರೌಂಡಿನಾಗ 8 ಸೀರೀಸ್, ಆಮ್ಯಾಲ 4, ಆಮ್ಯಾಲ 2, ಕಡೀಕ ಫೈನಲ್. ಒಟ್ಟು 15. ಏಪ್ರಿಲ್ ನಡುವ ಶುರುವಾಗಿ ಜೂನ್ ತನಕ ನಡೀತದ. ನಾವಿಲ್ಲಿ ಮೃಗಶಿರಾ ಮಳಿ ಹಾದಿ ನೋಡೋ ಹೊತ್ತಿಗೆ ಅಲ್ಲಿ ಸ್ಟ್ಯಾನ್ಲಿ ಕಪ್ ಯಾರದಂತ ಗೊತ್ತಾಗ್ತದ.

ನನ್ನ ವಿಚಾರ ಇಷ್ಟ. ಮೊದಲ ದಿನನ ಫೈನಲ್ ತನಕ ಎಲ್ಲಾ ಊಹೆ ಬರಕೊಡೋ ಪದ್ಧತಿ ಬ್ಯಾಡ. ನಿಮ್ಮ ಚಾಂಪಿಯನ್ ಮೊದಲ ರೌಂಡಿನಾಗ ಮನೀಗೆ ಹೋದ್ರ ನಿಮ್ಮ ಹಾಳಿ ಹರದು ಒಗೀಬೇಕು, ಅಷ್ಟ. 2023ರಾಗ ಬಾಸ್ಟನ್ ಬ್ರೂಯಿನ್ಸ್‌ದು ಏನಾತು ನೆನಪದ? ಲೀಗಿನಾಗ 65 ಮ್ಯಾಚ್ ಗೆದ್ದು 135 ಪಾಯಿಂಟ್ ಮಾಡಿ ದಾಖಲೆ ಬರೆದ ತಂಡ. ಮೊದಲ ರೌಂಡಿನಾಗ ಫ್ಲೋರಿಡಾ ಪ್ಯಾಂಥರ್ಸ್ ಎದುರು 3-1 ಮುಂದಿತ್ತು. ಅಲ್ಲಿಂದ ಸಾಲಾಗಿ ಮೂರು ಸೋತು ಹೊರಗ. ಅದಕ್ಕೂ ಮೊದಲ 2019ರಾಗ 62 ಗೆದ್ದ ಟ್ಯಾಂಪಾ ಬೇ, ಕೊಲಂಬಸ್ ಕೈಯಾಗ 4-0. ಇಂಥವರ ಮ್ಯಾಲ ಎಲ್ಲಾ ಭಾರ ಹಾಕಿದವರು ಮುಂದ ಒಂದೂವರಿ ತಿಂಗಳು ಏನು ಮಾಡಬೇಕು, ಗ್ರೂಪಿನಾಗ ಗುಡ್ ಮಾರ್ನಿಂಗ್ ಫೋಟೋ ಹಾಕಬೇಕಾ?

ಹಂಗಾಗಿ ರೌಂಡ್ ರೌಂಡಿಗೆ ಹೊಸ ಊಹೆ. ಒಂದೊಂದು ಸೀರೀಸಿಗೆ ಎರಡ ಪ್ರಶ್ನೆ: ಯಾರು ಗೆಲ್ತಾರ, ಎಷ್ಟು ಮ್ಯಾಚಿನಾಗ. ಸರಿ ತಂಡಕ್ಕ ಮೊದಲ ರೌಂಡಿನಾಗ 2 ಪಾಯಿಂಟ್, ಆಮ್ಯಾಲ 3, 4, ಫೈನಲ್ಲಿಗೆ 6. ಮ್ಯಾಚಿನ ಸಂಖ್ಯಾನೂ ಸರಿ ಬಂದ್ರ ಮ್ಯಾಲ 1. ತಕರಾರು ಏನವ ಹೇಳ್ರಿ.

ದಾಲ್‌ಮಿಲ್ ಹುಡುಗ (ಕಲಬುರಗಿ):

ಮಾಸ್ತರ, ಹೊರಗ 42 ಡಿಗ್ರಿ. ಫ್ಯಾನಿನ ಗಾಳಿ ಸೈತ ಬಿಸಿ ಬರ್ಲಿಕತ್ತದ. ನೀವು ಬರ್ಫಿನ ಮ್ಯಾಲ ಆಡೋ ಆಟದ ಹಿಸಾಬು ತಗದೀರಿ. ಕಣ್ಣಿಗರ ತಂಪು, ನಾ ಬರ್ತೀನಿ.

ಇನ್ನೊಂದು ಫಾಯದಾ ಅದ. ಐಪಿಎಲ್ ರಾತ್ರಿ ಹನ್ನೊಂದೂವರಿ ತನಕ ನಿದ್ದಿ ಕೆಡಸ್ತದ. ಇದು ಉಲ್ಟಾ. ನ್ಯೂಯಾರ್ಕ್ ಕಡೆ ಸಂಜಿ 7ಕ್ಕ ಶುರುವಾದ್ರ ನಮಗ ನಸಿಕಿನ 4.30. ಹಾಲಿನಾಂವ ಬರೋದ್ರಾಗ ಮೂರರಾಗ ಎರಡು ಪಿರಿಯಡ್ ಮುಗದಿರ್ತಾವ. ನಮ್ಮ ಕಾಕಾ ಸರ್ಕಾರಿ ನೌಕರ, ಏಪ್ರಿಲ್-ಮೇದಾಗ ಆಫೀಸು ಮುಂಜಾನಿ 8ರಿಂದ 1.30. ಮ್ಯಾಚ್ ನೋಡಿ, ಜಳಕ ಮಾಡಿ, ಬರೋಬ್ಬರಿ ಟೈಮಿಗೆ ಹೋಗ್ತಾರ. ಓವರ್‌ಟೈಮ್ ಬಂದ್ರ ಮಾತ್ರ ಮನ್ಯಾಗ ಬೈಗಳ.

ಆಳಂದ ಟು ಎಡ್ಮಂಟನ್:

ಓವರ್‌ಟೈಮ್ ಅಂದಿ, ಕೇಳು ತಮ್ಮಾ. ಲೀಗ್ ಮ್ಯಾಚಿನಂಗ ಪ್ಲೇಆಫಿನಾಗ ಶೂಟೌಟ್ ಇಲ್ಲ. 20 ನಿಮಿಷದ ಪಿರಿಯಡ್ ಮ್ಯಾಲ ಪಿರಿಯಡ್, ಯಾರರ ಒಂದು ಗೋಲು ಹೊಡಿಯೋ ತನಕ. 2023ರಾಗ ಫ್ಲೋರಿಡಾ-ಕ್ಯಾರೊಲಿನಾ ಸೀರೀಸಿನ ಮೊದಲ ಮ್ಯಾಚ್ ನಾಲ್ಕನೇ ಓವರ್‌ಟೈಮಿಗೆ ಹೋತು. ಗೋಲು ಬಿದ್ದಾಗ ನಿಮ್ಮ ಕಡೆ ಮುಂಜಾನಿ 11 ದಾಟಿತ್ತು. 1936ರಾಗ ಡೆಟ್ರಾಯಿಟ್ ಮತ್ತ ಮಾಂಟ್ರಿಯಲ್ ಮರೂನ್ಸ್ ಆರನೇ ಓವರ್‌ಟೈಮ್ ತನಕ ಆಡ್ಯಾರ, ಇವತ್ತಿಗೂ ಅದ ದಾಖಲೆ. ಕಾಕಾಗ ಒಂದು ರಜಾ ಕೂಡಿಟ್ಟಿರ್ಲಿಕ್ಕ ಹೇಳು.

ಮಾಸ್ತರ, ನಿಮ್ಮದು ಸೀರೀಸ್ ಪೂಲ್. ಊಹೆ ಪಂದ್ಯಕ್ಕ ಪೂಲ್ ಅಂತಾರ. ಇಲ್ಲಿ ಕೆನಡಾದಾಗ ನಾ ಕೆಲಸ ಮಾಡೋ ಕಡೆ ಆಟಗಾರರ ಪೂಲ್ ಆಡ್ತಾರ. ಒಂದೊಂದು ಡಬ್ಬಿಯಾಗ ನಾಕೈದು ಹೆಸರು ಬರೆದಿರ್ತದ, ಸರೀಕ ಸರೀಕರನ್ನ ಒಂದ ಡಬ್ಬಿಗೆ ಹಾಕಿರ್ತಾರ. ಡಬ್ಬಿಗೊಬ್ಬನ್ನ ಆರಿಸಿಕೋಬೇಕು. ಅವರು ಗೋಲು ಹೊಡದ್ರ 1, ಗೋಲಿಗೆ ಪಾಸ್ ಕೊಟ್ರ (ಅಸಿಸ್ಟ್) 1. ಇದರಾಗ ಮಜಾ ಏನಂದ್ರ, ಆಟಗಾರ ಎಷ್ಟ ದೊಡ್ಡಾಂವ ಇರಲಿ, ತಂಡ ಹೊರಗ ಬಿದ್ದ ದಿನ ಅವನ ಗಳಿಕಿ ನಿಂತಂಗ. 2024ರಾಗ ನಮ್ಮ ಎಡ್ಮಂಟನ್ ಫೈನಲ್ ತನಕ ಹೋತು ನೋಡ್ರಿ, ಕಾನರ್ ಮೆಕ್‌ಡೇವಿಡ್ 42 ಪಾಯಿಂಟ್ ಮಾಡಿದ, ಅದರಾಗ 34 ಅಸಿಸ್ಟ್. ಫೈನಲ್ ಸೋತ್ರೂ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಟ್ರೋಫಿ ಅವನಿಗೇ ಬಂತು. ಅವನನ್ನ ಡಬ್ಬಿಯಾಗ ತಗೊಂಡವರೆಲ್ಲಾ ಆ ವರ್ಷ ಮೀಸಿ ತಿರುವಿದ್ದ ತಿರುವಿದ್ದು. ಆದ್ರ ದಿನಾ ಲೆಕ್ಕ ಬರೀಬೇಕಾಗ್ತದ. ನಿಮ್ಮಲ್ಲಿ ಅಷ್ಟು ಪುರಸೊತ್ತು ಯಾರಿಗದ?

ಸೇಡಂ ಸುನಾಮಿ:

ಎಲ್ಲಾ ಖರೆ. ಆದ್ರ ರೊಕ್ಕ ಇಲ್ದ ಆಟಕ್ಕ ಯಾಂವ ಕಣ್ಣಾಗ ಎಣ್ಣಿ ಹಾಕ್ಕೊಂಡು ಕೂಡ್ತಾನ್ರಿ? ತಲಿಗೆ ಇನ್ನೂರು ಹಾಕೋಣ. ಮೊದಲ ಬಂದವಗ ಅರ್ಧ, ಎರಡನೇದವಗ ಕಾಲು, ಉಳದದ್ದು ಎಲ್ಲಾರೂ ಕೂಡಿ ಊಟ. ಫೋನ್‌ಪೇ ಮಾಡಿದ್ರ ಮುಗೀತು.

ಕರಿಕೋಟು (ಕಲಬುರಗಿ):

ತಮ್ಮಾ, ಫೋನ್‌ಪೇ ಮಾಡಿದ್ರ ಮುಗಿಯೋದಿಲ್ಲ, ಅಲ್ಲಿಂದ ಶುರುವಾಗ್ತದ.

1872ರ ಕರಾರು ಕಾಯ್ದೆಯ 30ನೇ ಕಲಮು ಪಂಥದ ಕರಾರಿಗೆ ಬೆಲಿ ಇಲ್ಲ ಅಂತದ. ಗೆದ್ದಾಂವ ರೊಕ್ಕ ಕೊಡು ಅಂತ ಕೋರ್ಟಿಗೆ ಹೋಗ್ಲಿಕ್ಕೇ ಬರೋದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಾಗ ಜೂಜಿಗೆ ಶಿಕ್ಷಾ ಅದ. ಇವೆರಡೂ ಹಳೀವು. 2025ರ ಆಗಸ್ಟಿನಾಗ ಕೇಂದ್ರ ಸರ್ಕಾರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂತು. ರೊಕ್ಕ ಕಟ್ಟಿ ರೊಕ್ಕ ಗೆಲ್ಲೋ ಆಸಿಗೆ ಆನ್‌ಲೈನಿನಾಗ ಆಡೋ ಆಟ, ಅದು ಬುದ್ಧಿ ಆಟ ಇರಲಿ ನಸೀಬಿನ ಆಟ ಇರಲಿ, ಬಂದ್. ದೊಡ್ಡ ದೊಡ್ಡ ಫ್ಯಾಂಟಸಿ ಆ್ಯಪ್‌ನವರೇ ಆ ತಿಂಗಳು ದುಡ್ಡಿನ ಸ್ಪರ್ಧಾ ನಿಲ್ಲಿಸಿದ್ರು. ನಾವು ವಾಟ್ಸಾಪಿನಾಗ ಹೆಸರು ಬರೆದು, ಫೋನಿನಾಗ ರೊಕ್ಕ ಕೂಡಿಸಿ, 'ಇದು ಗೆಳ್ಯಾರ ಆಟ' ಅಂದ್ರ ಯಾರು ಕೇಳ್ತಾರ?

ಕಾಯ್ದೆ ಆಚೀಗಿಟ್ಟು ಹೇಳ್ತೀನಿ. ಐಪಿಎಲ್ ಬೆಟ್ಟಿಂಗಿನಾಗ ಹೊಲ ಮಾರಿದವರ ಕಾಗದ ನನ್ನ ಟೇಬಲ್ ಮ್ಯಾಲ ಬಂದು ಕುಂತಾವ. ಅವರೂ ಇನ್ನೂರಕ್ಕ ಶುರು ಮಾಡಿದವರ. ರೊಕ್ಕ ಬಂತಂದ್ರ ನಾ ಗ್ರೂಪಿನಾಗ ಇರೋದಿಲ್ಲ.

ಬಿಸಿಲ್ ಮಾಸ್ತರ:

ವಕೀಲ್ ಸಾಹೇಬ್ರು ಹೇಳಿದ್ದ ಕಡೀ ಮಾತು. ರೊಕ್ಕ ಇಲ್ಲ, ಪ್ರವೇಶ ಫೀ ಇಲ್ಲ, 'ಸುಮ್ಮ ಹತ್ತು ರೂಪಾಯಿ' ಅನ್ನೋದೂ ಇಲ್ಲ. ಸೇಡಂದ ಹುಡುಗ ಮುನಿಸಿಕೋಬಾರ್ದು. ಕಣ್ಣಾಗ ಎಣ್ಣಿ ಹಾಕ್ಕೊಂಡು ಕೂಡೋವಂಗ ಮಾಡೋ ಜವಾಬ್ದಾರಿ ನನ್ನದು, ಪಾಯಿಂಟಿನ ಹಿಸಾಬಿನಾಗ ಮಾಡಿ ತೋರಿಸ್ತೀನಿ.

ಜೇವರ್ಗಿ ಅಕ್ಕ:

ಮಾಸ್ತರ, ನಮ್ಮ ಮನಿಯಿಂದ ಇಬ್ಬರ ಹೆಸರು ಬರಕೋರಿ. ಒಂದು ನಂದು, ಒಂದು ನಮ್ಮ ಅತ್ತಿಯವರದು.

ಅತ್ತಿಯವರಿಗೆ ಪಕ್ ಯಾವುದು ಬ್ಯಾಟು ಯಾವುದು ಗೊತ್ತಿಲ್ಲ, ಗೊತ್ತು ಮಾಡ್ಕೋಳೋ ಇಚ್ಛಾನೂ ಇಲ್ಲ. ಚಾಳೀಸು ಹಣಿ ಮ್ಯಾಲ ಏರಿಸಿ, ಫೋನು ಕೈಯಳತಿ ದೂರ ಹಿಡದು, ತಂಡದ ಚಿತ್ರಾ ನೋಡ್ತಾರ. "ಈ ಕರಡಿ ಬ್ಯಾಡ, ಮುಖಾನ ಸರಿ ಇಲ್ಲ. ಎಣ್ಣಿ ಹನಿ ಅದಲಾ, ಅದು ಕೊಡು, ಎಣ್ಣಿ ರೇಟ್ ಏರ್ಲಿಕತ್ತದ." ಹೋದ ಸಲ ಹಿಂಗ ಎಡ್ಮಂಟನ್ ಆಯ್ಕಿ ಮಾಡಿ ಫೈನಲ್ ತನಕ ಬಂದ್ರು. ನಾ ಅಂಕಿಸಂಖ್ಯೆ ಓದಿ ಓದಿ ಅವರ ಕೆಳಗ ಬಂದೆ. ಇದಕ್ಕೇನು ಉತ್ತರ ಕೊಡ್ತೀರಿ?

ಇನ್ನೊಂದು. ಗ್ರೂಪಿನಾಗ ಎಲ್ಲರ ಮುಂದ ಊಹೆ ಬರೆಯೋ ಪದ್ಧತಿ ಬಂದ್ ಮಾಡ್ರಿ. ಹೋದ ವರ್ಷ ಮೊದಲ ಬಂದವರ ಉತ್ತರ ನೋಡಿ ಅಕ್ಷರಾ ಬಿಡದ ಕಾಪಿ ಹೊಡದವರು ಇದ್ರು, ಹೆಸರು ಹೇಳೋದಿಲ್ಲ. ಒಬ್ರು ವಾಯ್ಸ್ ಮೆಸೇಜ್ ಕಳಸಿದ್ರು, ಅದರಾಗ ಕುಕ್ಕರ್ ಸೀಟಿ ಬಿಟ್ರ ಮತ್ತೇನೂ ಕೇಳಲಿಲ್ಲ. ಗೂಗಲ್ ಫಾರ್ಮ್ ಮಾಡ್ರಿ. ಟೈಮ್ ತಾನ ಬೀಳ್ತದ, ಟೈಮ್ ಮುಗಿಯೋ ತನಕ ಒಬ್ಬರದು ಒಬ್ಬರಿಗೆ ಕಾಣ್ಸೋದಿಲ್ಲ.

ಬಿಸಿಲ್ ಮಾಸ್ತರ:

ಅಕ್ಕಾರ, ಅತ್ತಿಯವರ ಪದ್ಧತಿಗೆ ಲೆಕ್ಕದಾಗ ಉತ್ತರ ಅದ. ಲೆಕ್ಕ ಬ್ಯಾಡ ಅನ್ನೋರು ಈ ಪೋಸ್ಟ್ ದಾಟಿ ಹೋಗ್ರಿ.

ಎರಡು ತಂಡ ಸರಿಸಮ ಅದಾವ ಅಂತ ಇಟ್ಕೋರಿ. ಆಗ ಸೀರೀಸ್ ನಾಲ್ಕೇ ಮ್ಯಾಚಿಗೆ ಮುಗಿಯೋ ಸಂಭವ ನೂರಕ್ಕ 12.5. ಐದಕ್ಕ 25. ಆರಕ್ಕ 31.25, ಏಳಕ್ಕೂ ಅಷ್ಟ, 31.25. ಆರನೇ ಮ್ಯಾಚಿಗೆ ಬಂದ ಸೀರೀಸ್ 3-2 ಇರಲೇಬೇಕಲಾ. ಸರಿಸಮ ಇದ್ರ ಅರ್ಧ ಅಲ್ಲೇ ಮುಗೀತಾವ, ಅರ್ಧ ಏಳಕ್ಕ ಹೋಗ್ತಾವ. ಅದಕ್ಕ ಎರಡೂ ಒಂದ ನಮೂನಿ.

ಈಗ ಒಂದು ತಂಡ ಜರಾ ಜೋರಾಗಿ ಅದ, ಹತ್ತು ಮ್ಯಾಚ್ ಆಡಿದ್ರ ಆರು ಗೆಲ್ತದ ಅನ್ನೋಣ. ಅದು ಸೀರೀಸ್ ಗೆಲ್ಲೋ ಸಂಭವ ನೂರಕ್ಕ 71. ಐದು ಮ್ಯಾಚಿನಾಗ ಗೆಲ್ಲೋದು, ಆರರಾಗ ಗೆಲ್ಲೋದು ಎರಡೂ ಸರಿಸಮ, ನೂರಕ್ಕ 20ರ ಮ್ಯಾಲ. ಏಳರಾಗ 16-17, ನಾಲ್ಕರಾಗ 13. ನಮ್ಮವರು ಎಲ್ಲಾ ಸೀರೀಸಿಗೂ ಕಣ್ಣು ಮುಚ್ಚಿ '6' ಬರೀತಾರ. ತಪ್ಪಲ್ಲ, ಆದ್ರ ಜೋರು ತಂಡ ಇದ್ದಲ್ಲಿ '5' ಬರೆಯೋದೂ ಅಷ್ಟೇ ಶಾಣ್ಯಾತನ. ಗುಂಪಿನಿಂದ ಬ್ಯಾರೆ ನಿಲ್ಲಬೇಕಂದ್ರ ಅಲ್ಲೇ ನಿಲ್ಲಬೇಕು.

ಮುಂದ ನೋಡ್ರಿ. ಮೊದಲ ರೌಂಡಿನ ಎಂಟೂ ಸೀರೀಸಿನಾಗ ಇಂಥ 71ರ ತಂಡ ಇದ್ರೂ, ಎಂಟೂ ಗೆಲ್ಲೋ ಸಂಭವ ನೂರಕ್ಕ ಆರು-ಏಳು ಮಾತ್ರ. ಹದಿನೈದೂ ಬರೋದು ನೂರಕ್ಕ ಒಂದೂ ಇಲ್ಲ. ಲೀಗಿನಾಗ ಮೊದಲ ಸ್ಥಾನ ಬಂದವರಿಗೆ ಪ್ರೆಸಿಡೆಂಟ್ಸ್ ಟ್ರೋಫಿ ಕೊಡ್ತಾರ. 2013ರಾಗ ಶಿಕಾಗೊ ಅದನ್ನೂ ಗೆದ್ದು ಕಪ್ಪೂ ಗೆದ್ದಿತು. ಅಲ್ಲಿಂದ 2025ರ ತನಕ ಒಬ್ಬರಿಗೂ ಎರಡೂ ಕೂಡಿ ಬಂದಿಲ್ಲ. 2025ರಾಗ ವಿನ್ನಿಪೆಗ್ ಮೊದಲ ಇತ್ತು, ಎರಡನೇ ರೌಂಡಿನಾಗ ಡಲ್ಲಾಸ್ ಕೈಯಾಗ ಸೋತಿತು. ಇಷ್ಟು ಬುಡಮೇಲಾಗೋ ಆಟದಾಗ ನಾವು ಓದಿದವರಿಗೂ ಅತ್ತಿಯವರಿಗೂ ನಡುವ ಅಂತರ ಭಾಳ ಇರೋದಿಲ್ಲ. ಹದಿನೈದ ಸೀರೀಸಿನಾಗ ಅವರು ಮ್ಯಾಲ ಬಂದ್ರ ಆಶ್ಚರ್ಯಪಡೋದು ಏನಿಲ್ಲ.

ಶಹಾಪುರದ ಕೊಡವ:

ಮಾಸ್ಟ್ರೇ, ನಮಸ್ಕಾರ. ಊರು ಮಡಿಕೇರಿ ಕಡೆ, ನೌಕರಿ ಯಾದಗಿರಿ ಜಿಲ್ಲೆಯಲ್ಲಿ. ಹಾಕಿ ಅಂದ ತಕ್ಷಣ ಓಡಿ ಬಂದೆ, ನೋಡಿದರೆ ಮಂಜುಗಡ್ಡೆಯ ಹಾಕಿ! ಪರವಾಗಿಲ್ಲ, ಕೋಲು ಇದೆಯಲ್ಲ.

ನಮ್ಮ ಕೌಟುಂಬಿಕ ಹಾಕಿ ನಿಮಗೆ ಗೊತ್ತಿರಬಹುದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು. ಒಂದೊಂದು ಮನೆತನ ಒಂದೊಂದು ತಂಡ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದುಂಟು. 2024ರಲ್ಲಿ 360 ಕುಟುಂಬಗಳು ಬಂದು ಗಿನ್ನೆಸ್ ದಾಖಲೆಯಾಯಿತು. ನಾಕೌಟ್‌ನಲ್ಲಿ ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುವುದರಿಂದ 360 ತಂಡಕ್ಕೆ 359 ಪಂದ್ಯ ಬೇಕು, ನಿಮ್ಮ 16 ತಂಡಕ್ಕೆ 15 ಸೀರೀಸ್ ಬಂದಿದ್ದೂ ಹಾಗೇ. ಅದಕ್ಕೆ ಊಹೆ ಪಂದ್ಯ ಮಾಡುವುದಿದ್ದರೆ ಕೊನೆಯ ಎಂಟು ತಂಡ ಬರುವವರೆಗೆ ಕಾಯುವುದೇ ವಾಸಿ. ಒಂದೇ ಪಂದ್ಯದಲ್ಲಿ ತೀರ್ಮಾನ, ಮೇಲಾಗಿ ಎದುರಾಳಿ ತಂಡದಲ್ಲಿ ನಿಮ್ಮ ಅತ್ತೆ ಮನೆಯವರು ಇರುತ್ತಾರೆ, ಬಾಯಿ ಬಿಟ್ಟು ಊಹೆ ಹೇಳುವ ಹಾಗೂ ಇಲ್ಲ.

ಈಗ ನನ್ನ ಆಕ್ಷೇಪ. ನಿಮ್ಮ ಪಾಯಿಂಟ್ ಕೂಡಿ ನೋಡಿ. ಬೋನಸ್ ಬಿಟ್ಟರೆ ಮೊದಲ ರೌಂಡಿಗೆ 16, ಎರಡನೆಯದಕ್ಕೆ 12, ಮೂರನೆಯದಕ್ಕೆ 8, ಫೈನಲ್ಲಿಗೆ 6. ಮೊದಲ ರೌಂಡಿನಲ್ಲಿ ಮುಂದೆ ಓಡಿದವರನ್ನು ಆಮೇಲೆ ಯಾರೂ ಹಿಡಿಯಲಾರರು. ಕಳೆದ ಸಲ ಜನ ಸುಮ್ಮನಾದರು ಅಂದಿರಲ್ಲ, ಹೀಗೇ ಬಿಟ್ಟರೆ ಈ ಸಲವೂ ಸುಮ್ಮನಾಗುತ್ತಾರೆ. ಹಾಗಂತ ಕೆಲವರು ಮಾಡುವ 1-2-4-8 ಕೂಡ ಬೇಡ. ಅದರಲ್ಲಿ ಪ್ರತಿ ರೌಂಡೂ 8, ಒಟ್ಟು 32, ನೋಡಲು ಚೆಂದ. ಆದರೆ ಒಂದೇ ಫೈನಲ್ಲಿಗೆ ಕಾಲು ಭಾಗ ಹೋಗುತ್ತದೆ, ಎರಡು ತಿಂಗಳ ಶ್ರಮ ಒಂದು ಸೀರೀಸ್ ಮೇಲೆ ನಿಲ್ಲುತ್ತದೆ. 2-3-5-8 ಮಾಡಿ. ರೌಂಡುಗಳಿಗೆ 16, 12, 10, 8 ಬರುತ್ತದೆ. ಇಳಿಜಾರು ಇದೆ, ಆದರೆ ಕಡಿದಾಗಿಲ್ಲ.

ಆಳಂದ ಟು ಎಡ್ಮಂಟನ್:

2-3-5-8ಕ್ಕ ನನ್ನದೂ ಹೌದು. ಇನ್ನ ಡೆಡ್‌ಲೈನ್ ಬಗ್ಗೆ ಎರಡು ಮಾತು, ಇಲ್ಲಿ ಇರೋನಾಗಿ ಹೇಳ್ತೀನಿ.

ಒಂದು, ತಾರೀಖಿನ ಗೊಂದಲ. ಇಲ್ಲಿ ಭಾನುವಾರ ಸಂಜಿ ಮ್ಯಾಚ್ ಅಂದ್ರ ನಿಮಗ ಸೋಮವಾರ ನಸಿಕು. ಫಾರ್ಮಿನಾಗ ಭಾರತದ ತಾರೀಖು, ಭಾರತದ ಟೈಮ್ ಮಾತ್ರ ಬರೀರಿ. ಎರಡು, ಎಲ್ಲಾ ಮ್ಯಾಚೂ ಸಂಜೀಕ ಇರೋದಿಲ್ಲ. ಶನಿವಾರ, ಭಾನುವಾರ ಪೂರ್ವದ ಕಡೆ ಮಧ್ಯಾಹ್ನ 12.30ಕ್ಕ ಶುರುವಾಗೋ ಮ್ಯಾಚ್ ಇರ್ತಾವ, ನಿಮಗ ಅದ ದಿನ ರಾತ್ರಿ 10. 'ಮಲಗೋಕಿಂತ ಮೊದಲ ಕಳಸ್ರಿ' ಅಂದ್ರ ಅಂಥ ದಿನ ಪಕ್ ಬಿದ್ದ ಮ್ಯಾಲ ಊಹೆ ಬರ್ತಾವ. ರಾತ್ರಿ 9 ಇಡ್ರಿ.

ಮೂರನೇದು ಬಂತು, ಎರಡ ಅಂದಿದ್ದೆ, ಇರಲಿ. ರೌಂಡಿಗೊಂದು ಡೆಡ್‌ಲೈನ್ ಬ್ಯಾಡ, ಸೀರೀಸಿಗೊಂದು ಇಡ್ರಿ. ಒಂದು ಸೀರೀಸ್ ನಾಲ್ಕಕ್ಕ ಮುಗಿದಿರ್ತದ, ಇನ್ನೊಂದು ಏಳಕ್ಕ ಎಳೀತಿರ್ತದ. ಹಿಂದಿನ ರೌಂಡ್ ಪೂರಾ ಮುಗಿಯೋಕಿಂತ ಮೊದಲ ಮುಂದಿನ ರೌಂಡಿನ ಸೀರೀಸ್ ಶುರುವಾಗೋದೂ ಅದ.

ದಾಲ್‌ಮಿಲ್ ಹುಡುಗ:

ಲಗ್ನಸರಾಯಿ ಅದ ಮಾಸ್ತರ. ಮೇ ಪೂರಾ ನಾ ಯಾವ ಮಂಟಪದಾಗ ಯಾವ ಹಂಡೇದ ಮುಂದ ಇರ್ತೀನೋ ಗೊತ್ತಿಲ್ಲ. ಮರತ್ರ ಸೊನ್ನಿ ಹಾಕ್ತೀರಾ?

ಕೋಟೆ ಮಣ್ಣು (ಬೀದರ):

ರೊಕ್ಕ ಇಲ್ಲ ಅಂದ್ರಿ, ಛಲೋ ಆತು. ಆದ್ರ ಕೈಯಾಗ ಹಿಡಿಲಿಕ್ಕ ಒಂದು ಕಪ್ ಬ್ಯಾಡೇನ್ರಿ? ನಮ್ಮೂರಾಗ ಬಿದ್ರಿ ಕೆಲಸ ಅದ. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಾಗ ಪದ್ಮಶ್ರೀ ಬಂದ ಊರು ಇದು. ನಮ್ಮ ಮಾಮಾ ಮೊದಲ ಇದ ಕೆಲಸ ಮಾಡ್ತಿದ್ರು, ಅವರ ಬಲ್ಲಿ ಒಂದು ಸಣ್ಣ ಹೂಜಿ ಅದ, ಗ್ರೂಪಿಗೆ ಕೊಡ್ತೀನಿ ಅಂದಾರ. ಗೆದ್ದವರ ಮನ್ಯಾಗ ಒಂದು ವರ್ಷ, ಮುಂದಿನ ವರ್ಷ ಇನ್ನೊಬ್ಬರ ಮನ್ಯಾಗ.

ಆಳಂದ ಟು ಎಡ್ಮಂಟನ್:

ವಾಹ್! ಸ್ಟ್ಯಾನ್ಲಿ ಕಪ್ಪಿನಂಗ ಗೆದ್ದವರ ಹೆಸರು ಅದರ ಮ್ಯಾಲ ಕೆತ್ತಿಸೋಣ. 1892ರಾಗ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಕಪ್ ಅದು. ಗೆದ್ದ ತಂಡದ ಆಟಗಾರರ ಹೆಸರು ಸುತ್ತಲ ಪಟ್ಟಿ ಮ್ಯಾಲ ಕೆತ್ತತಾರ. ಕೆಳಗಿನ ಒಂದೊಂದು ದೊಡ್ಡ ಪಟ್ಟಿಗೆ 13 ವರ್ಷದ ಚಾಂಪಿಯನ್ನರು. ಎಲ್ಲಾ ತುಂಬಿದ ಮ್ಯಾಲ ಅದರಾಗ ಹಳೀ ಪಟ್ಟಿ ತಗದು ಟೊರಾಂಟೊದ ಹಾಲ್ ಆಫ್ ಫೇಮಿನಾಗ ಇಡ್ತಾರ, ಕೆಳಗ ಹೊಸಾದು ಸೇರಸ್ತಾರ. ಇಲ್ಲಾಂದ್ರ ಕಪ್ ಮನಿ ಮಾಳಿಗಿ ಮುಟ್ಟತಿತ್ತು.

ಕೋಟೆ ಮಣ್ಣು (ಬೀದರ):

ಅಣ್ಣೋರ, ಬಿದ್ರಿ ಮ್ಯಾಲ ವರ್ಷಾ ವರ್ಷಾ ಹೆಸರು ಕೆತ್ತೋದು ಆಗೋದಿಲ್ಲ. ಯಾಕಂತ ಹೇಳ್ತೀನಿ. ಜಿಂಕು, ಅದರಾಗ ಜರಾ ತಾಂಬ್ರ, ಕೂಡಿಸಿ ಕರಗಿಸಿ ಎರಕ ಹೊಯ್ತಾರ. ಒರಟು ಪಾತ್ರಿ ಬರ್ತದ, ಅರಾ ಹಾಕಿ ನುಣುಪು ಮಾಡ್ತಾರ. ಮೈಲುತುತ್ತದ ನೀರು ಸವರಿ ತಾತ್ಪೂರ್ತಿ ಕಪ್ಪು ಮಾಡಿ, ಅದರ ಮ್ಯಾಲ ಉಳಿಯಿಂದ ಚಿತ್ರಾ ಬರದು ಕೆತ್ತತಾರ. ಕೆತ್ತಿದ ಗೆರಿಯಾಗ ಬೆಳ್ಳಿ ತಂತಿ ಕೂಡಿಸಿ ಸುತ್ತಗಿಯಿಂದ ಬಡೀತಾರ. ಕಡೀಕ ಪಾತ್ರಿ ಕಾಸಿ, ನಮ್ಮ ಕೋಟೆ ಒಳಗಿನ ಮಣ್ಣು, ನವಸಾಗರ, ನೀರು ಕಲಸಿ ಹಚ್ಚತಾರ. ಲೋಹ ಕರ್ರಗ ಕಾಡಿಗಿ ಆಗ್ತದ, ಬೆಳ್ಳಿ ಮಾತ್ರ ಬೆಳ್ಳಗ ಉಳೀತದ. ಅಂದ್ರ ಹೆಸರು ಮೊದಲು, ಕಪ್ಪು ಆಮ್ಯಾಲ. ತಯಾರಾದ ಹೂಜಿ ಮ್ಯಾಲ ಉಳಿ ಹಚ್ಚಿದ್ರ ಒಳಗಿನ ಬೂದಿ ಬಣ್ಣದ ಲೋಹ ಕಾಣ್ತದ, ಮತ್ತ ಬೆಳ್ಳಿ ಕೂಡಿಸಿ ಮತ್ತ ಕಾಸಿ ಮಣ್ಣು ಹಚ್ಚಬೇಕು. ಪ್ರತಿ ವರ್ಷ ಇದನ್ನ ಮಾಡು ಅಂದ್ರ ಮಾಮಾ ಹೂಜಿ ವಾಪಸ್ ತಗೋತಾರ.

ಕೆಳಗ ಒಂದು ಸಾಗವಾನಿ ಪೀಠ ಮಾಡಿಸೋಣ. ಹೆಸರಿನ ಹಿತ್ತಾಳಿ ತಗಡು ಅದಕ್ಕ ಹೊಡೀಲಿಕ್ಕ ಬರ್ತದ.

ಸೇಡಂ ಸುನಾಮಿ:

ಹೂಜಿ ನೋಡಿ ನನ್ನ ಇನ್ನೂರು ರೂಪಾಯಿ ವಾಪಸ್ ತಗೊಂಡೆ. ಕಡೀ ಸ್ಥಾನ ಬಂದವಗ ಏನು? ಎಲ್ಲರಿಗೂ ಮಿರ್ಚಿ ಭಜಿ ಕೊಡಸಬೇಕು ಅನ್ರಿ.

ಕರಿಕೋಟು:

ಸೋತಾಂವ ಕೊಡಸಬೇಕು ಅಂದ್ರ ಅದೂ ಪಂಥನ. ಭಜಿ ನಾನ ಕೊಡಸ್ತೀನಿ, ಯಾರು ಗೆದ್ರೂ ಯಾರು ಸೋತ್ರೂ. ಫೀಸ್ ತಗೋಳದ ವಕೀಲನ ಮಾತು ಇದು, ಸ್ಕ್ರೀನ್‌ಶಾಟ್ ತಗದಿಟ್ಕೋರಿ.

ಜೇವರ್ಗಿ ಅಕ್ಕ:

ಕಡೀ ಬಂದವರು ಮುಂದಿನ ವರ್ಷ ಲೆಕ್ಕ ಬರೀಬೇಕು. ಮಾಸ್ತರಿಗೂ ಒಂದು ವರ್ಷ ಸುಮ್ಮ ಕುಂತು ಆಡೋ ಭಾಗ್ಯ ಬರಲಿ.

ಮತ್ತ, ಇಬ್ಬರದು ಪಾಯಿಂಟ್ ಸರಿಸಮ ಬಂದ್ರ?

ಬಿಸಿಲ್ ಮಾಸ್ತರ:

ಅಕ್ಕಾರ ಸೂಚನಾ ಅತ್ಯುತ್ತಮ, ಪಾಸ್.

ಸರಿಸಮ ಬಂದ್ರ ಫೈನಲ್ ಸೀರೀಸಿನಾಗ ಎರಡೂ ತಂಡ ಕೂಡಿ ಒಟ್ಟು ಎಷ್ಟು ಗೋಲು ಅನ್ನೋ ಪ್ರಶ್ನೆ ಇಡ್ತೀನಿ. ಹತ್ರ ಬಂದವರು ಮ್ಯಾಲ. ಇದು ಸಸಾರ ಅಲ್ಲ. 2024ರ ಫ್ಲೋರಿಡಾ-ಎಡ್ಮಂಟನ್ ಫೈನಲ್ ಏಳು ಮ್ಯಾಚಿಗೆ ಹೋತು, ಒಟ್ಟು 41 ಗೋಲು. 2025ರಾಗ ಅವೇ ಎರಡು ತಂಡ, ಆರ ಮ್ಯಾಚಿಗೆ ಮುಗೀತು, ಆದ್ರ 45. ಮ್ಯಾಚ್ ಕಡಿಮಿ, ಗೋಲು ಜಾಸ್ತಿ. ಅದರ ಮ್ಯಾಲ ಕಡೀ ಎರಡು ನಿಮಿಷದ ಕಾರಭಾರ ಬ್ಯಾರೆ. ಹಿಂದ ಬಿದ್ದ ತಂಡ ಗೋಲ್ ಕೀಪರನ್ನ ಹೊರಗ ಕರದು ಒಬ್ಬ ಆಟಗಾರನ್ನ ಜಾಸ್ತಿ ಇಳಸ್ತದ. ಗೋಲ್ ಖಾಲಿ. ಎದುರಿನಾಂವ ತನ್ನ ಕಡೆಯಿಂದ ದೂಡಿದ್ರೂ ಉರುಳ್ಕೋತ ಹೋಗಿ ಒಳಗ ಬೀಳ್ತದ. ಮ್ಯಾಚಿನ ಫಲಿತಾಂಶ ಬದಲಾಗೋದಿಲ್ಲ, ನಿಮ್ಮ ಲೆಕ್ಕ ಮಾತ್ರ ಕೆಡ್ತದ.

ಇಷ್ಟಕ್ಕ ನಿಯಮ ಗಟ್ಟಿ. ಫಾರ್ಮ್ ಮೂಲಕ ಮಾತ್ರ ಊಹೆ, ವಾಯ್ಸ್ ಮೆಸೇಜ್ ಇಲ್ಲ. ಆಯಾ ಸೀರೀಸಿನ ಮೊದಲ ಮ್ಯಾಚಿಗಿಂತ ಹಿಂದಿನ ರಾತ್ರಿ 9 ಅಂದ್ರ 9, ಮ್ಯಾಚ್ ರಾತ್ರಿ 10ಕ್ಕಿದ್ರ ಅದ ದಿನದ 9. ಡೆಡ್‌ಲೈನ್ ಮುಗಿದ ಕೂಡಲೇ ಎಲ್ಲರ ಹಾಳಿ ಎಲ್ಲರಿಗೂ ಕಾಣೋವಂಗ ಬಿಡ್ತೀನಿ. ಪಾಯಿಂಟ್ 2-3-5-8. ಮ್ಯಾಚ್ ಸಂಖ್ಯಾದ ಬೋನಸ್ 1, ಗೆದ್ದ ತಂಡನೂ ಸರಿ ಇದ್ರ ಮಾತ್ರ. ಇನ್ನೊಂದು ನಾನ ಸೇರ್ಸೀನಿ: ಮೊದಲ ಮ್ಯಾಚಿಗಿಂತ ಮುಂಚೆ ಕಪ್ ಯಾರದು ಅಂತ ಒಂದ ಹೆಸರು ಬರೀಬೇಕು, ಸರಿ ಬಂದ್ರ 5. ತಪ್ಪಿದ್ರ ಏನೂ ಹೋಗೋದಿಲ್ಲ, ಬಾಸ್ಟನ್ನಿನ ನೆನಪಿಗೆ ಇರಲಿ. ಎಲ್ಲಾ ಕೂಡಿದ್ರ 66.

ದಾಲ್‌ಮಿಲ್ ತಮ್ಮಾ, ಮರತವರಿಗೆ ಸೊನ್ನಿ ಇಲ್ಲ. 1, 2, 5, 7ನೇ ಮ್ಯಾಚ್ ಯಾರ ಅಂಗಳದಾಗ ಅದಾವೋ ಆ ತಂಡ ನಿಮ್ಮ ಊಹೆ ಅಂತ ಹಿಡೀತೀನಿ. ಬೋನಸ್ ಇಲ್ಲ. ಹಂಡೇದ ಮುಂದ ನೆಮ್ಮದಿಯಿಂದ ಇರು.

ಸೇಡಂ ಸುನಾಮಿ:

ಕಪ್ಪಿಗೆ ನಾ ಟೊರಾಂಟೊ ಬರೆದ್ರ ನಡೀತದಾ?

ಆಳಂದ ಟು ಎಡ್ಮಂಟನ್:

ನಡೀತದ. 1967ರಾಗ ಕಡೀ ಸಲ ಗೆದ್ದಾರ. ನಿನ್ನ ಅಪ್ಪಾಜಿನ್ನ ಕೇಳು, ಹುಟ್ಟಿದ್ರೋ ಇಲ್ಲೋ. ಟೊರಾಂಟೊ ಒಂದ ಅಲ್ಲ, 1993ರಾಗ ಮಾಂಟ್ರಿಯಲ್ ಗೆದ್ದ ಮ್ಯಾಲ 2025ರ ತನಕ ಕೆನಡಾದ ಯಾವ ತಂಡಕ್ಕೂ ಕಪ್ ಬಂದಿಲ್ಲ. 2024ರಾಗ ನಮ್ಮವರು 0-3 ಇಂದ 3-3 ಮಾಡಿ, ಏಳನೇ ಮ್ಯಾಚ್ 2-1 ಸೋತ್ರು. ಅವತ್ತು ನಮ್ಮ ಓಣ್ಯಾಗ ಒಬ್ಬರೂ ಮಾತಾಡಲಿಲ್ಲ. ನಾ ಈ ಸಲನೂ ಎಡ್ಮಂಟನ್ನೇ ಬರೀತೀನಿ, ಬುದ್ಧಿ ಹೇಳಬ್ಯಾಡ್ರಿ.

ಜೇವರ್ಗಿ ಅಕ್ಕ:

ಮಾಸ್ತರ, ಅತ್ತಿಯವರು ಕೇಳ್ಲಿಕತ್ತಾರ, ಫಾರ್ಮಿನಾಗ ಚಿತ್ರಾ ಇರ್ತಾವೋ ಬರೇ ಹೆಸರೋ?

ಬಿಸಿಲ್ ಮಾಸ್ತರ:

ಹದಿನಾರೂ ಚಿತ್ರಾ ಹಾಕ್ತೀನಿ, ದೊಡ್ಡದಾಗಿ. ಕರಡಿ ಪ್ಲೇಆಫಿಗೆ ಬಂದ್ರ ಅದರ ಮುಖಾ ಸರಿ ಮಾಡೋದು ಮಾತ್ರ ನನ್ನ ಕೈಯಾಗಿಲ್ಲ.